ಹಾಡಿನ ಪೆಟ್ಟಿಗೆಯ ಪೂರ್ವೋತ್ತರ

ಶಬ್ದವು ಹುಟ್ಟಿದೊಡನೆಯೇ ನಾಶವನ್ನೈದುವುದೆಂದು ನೈಯಾಯಿಕರ ಮತ. ಶಬ್ದವು ನಿತ್ಯವೆಂದೂ, ಉಚ್ಚಾರಣದಿಂದ ಅದು ಹುಟ್ಟುವುದಿಲ್ಲ, ವ್ಯಕ್ತವಾಗುವುದು ಮಾತ್ರವೆಂದೂ ಮೀಮಾಂಸಕರ ಸಿದ್ಧಾಂತ. ಪಾಠಶಾಲೆಗಳ ಜಗುಲಿಯಲ್ಲಿ ಶತಮಾನಗಳ ಪರ್ಯಂತ ನಡೆದುಬಂದ ಈ ವಾದವು ಈಗ ಗೃಹಸ್ಥರ ಮನೆಯ ಮೇಜಿನ ಮೇಲೆ ಬೇರೊಂದು ವೇಷದಲ್ಲಿ ಕುಳಿತಿದೆ. ಮಂಡ್ಯ ತಾಲ್ಲೂಕಿನ ಹೋಬಳಿಯ ಊರಾದ ದುದ್ದದಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸಬಹುದು. ಅವನ ತಾಯಿ ಮದುವೆಮನೆಯಲ್ಲಿ ಹಾಡಿದ ಸೋಬಾನೆಪದಗಳು ಮೂವತ್ತು ವರ್ಷಗಳ ಹಿಂದೆ ಕ್ಯಾಸೆಟ್ಟಿಗೆ ಏರಿದ್ದುವು. ತಾಯಿ ಈಗಿಲ್ಲ. ಮಗನು ಆ ಸುರುಳಿಯಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾನೆ. ಅವುಗಳನ್ನು ಹಾಡಿಸಲು ಯಾವ ತಂತ್ರಾಂಶವನ್ನು ಆರಿಸಬೇಕೆಂಬುದು ಅವನ ಪ್ರಶ್ನೆ. ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ಧ್ವನಿಯಂತ್ರವು ಈ ದೇಶಕ್ಕೆ ಬಂದಂದಿನಿಂದ ಜನರು ಬೇರೆ ಬೇರೆ ಪೆಟ್ಟಿಗೆಗಳ ಮುಂದೆ ನಿಂತು ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದಾರೆ. ಅವರ ಲಾಭನಷ್ಟಗಳ ಇತಿಹಾಸವೇ ಇದಕ್ಕೆ ತಕ್ಕ ಉತ್ತರವನ್ನು ಕೊಡಬಲ್ಲುದು.

ಅಮೆರಿಕದ ಎಡಿಸನ್ನನು ೧೮೭೭ರಲ್ಲಿ ಧ್ವನಿಯನ್ನು ಉರುಳೆಯ ಮೇಲೆ ಮೂಡಿಸಿ ಮರಳಿ ಕೇಳಿಸುವ ಯಂತ್ರವನ್ನು ನಿರ್ಮಿಸಿದನು. ಹತ್ತು ವರ್ಷಗಳ ತರುವಾಯ, ೧೮೮೭ರಲ್ಲಿ, ಬರ್ಲಿನರನು ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯನ್ನು ಕಲ್ಪಿಸಿ, ತನ್ನ ಯಂತ್ರಕ್ಕೆ ಗ್ರಾಮಫೋನೆಂದು ಹೆಸರಿಟ್ಟನು. ಉರುಳೆಯಲ್ಲಿ ಒಂದು ಗುಣವಿದ್ದಿತು: ಮನೆಯವರೇ ತಮ್ಮ ಮಾತನ್ನೂ ಹಾಡನ್ನೂ ಅದರ ಮೇಲೆ ಮುದ್ರಿಸಿಕೊಳ್ಳಬಹುದಾಗಿದ್ದಿತು. ತಟ್ಟೆಯಲ್ಲಿ ಆ ಸೌಕರ್ಯವಿಲ್ಲ. ಆದರೆ ಒಂದು ಅಚ್ಚಿನಿಂದ ಅಸಂಖ್ಯ ಪ್ರತಿಗಳನ್ನು ಒತ್ತಬಹುದು. ಬಹುಕಾಲದ ಸ್ಪರ್ಧೆಯ ಕೊನೆಯಲ್ಲಿ ತಟ್ಟೆಯೇ ಗೆದ್ದಿತು. ಎಡಿಸನ್ನನ ಸಂಸ್ಥೆಯು ೧೯೨೯ರಲ್ಲಿ ಧ್ವನಿಮುದ್ರಿಕೆಗಳ ವ್ಯವಹಾರವನ್ನೇ ನಿಲ್ಲಿಸಿತು. ಉರುಳೆಗಳನ್ನು ಕೂಡಿಟ್ಟವರ ಪಾಲಿಗೆ ಯಂತ್ರವು ಕೆಟ್ಟ ದಿನವೇ ಹಾಡೂ ಮೂಕವಾಯಿತು. ಹಾಡಿಗಿಂತ ಯಂತ್ರವು ಮೊದಲು ಸಾಯುವುದೆಂಬ ಸತ್ಯವು ಈ ವಿದ್ಯೆಯ ಬಾಲ್ಯದಲ್ಲಿಯೇ ಪ್ರಕಟವಾಯಿತೆನ್ನಬೇಕು.

ಭಾರತದಲ್ಲಿ ಈ ಕಥೆಯು ೧೯೦೨ರಲ್ಲಿ ಮೊದಲಾಗುತ್ತದೆ. ಆ ವರ್ಷದ ನವೆಂಬರ್ ತಿಂಗಳಿನಲ್ಲಿ ಗ್ರಾಮಫೋನ್ ಕಂಪೆನಿಯ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದನು. ಅದೇ ವರ್ಷ ಈ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿಗೂ ತಲುಪಿತು. ವಿದ್ಯುತ್ತು ಹುಟ್ಟಿದ ಸೀಮೆಯ ಹಳ್ಳಿಗಳಲ್ಲಿಯೇ ಅದು ಬೆಳಕಾಗಿ ಬರಲು ಬಹುಕಾಲ ಹಿಡಿಯಿತು. ಗ್ರಾಮಫೋನಾದರೋ ಕೀಲಿ ತಿರುಗಿಸಿದರೆ ಸ್ಪ್ರಿಂಗಿನ ಬಲದಿಂದ ತಿರುಗುವ ಯಂತ್ರ. ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಎಣ್ಣೆಯ ದೀಪದ ಬೆಳಕಿನಲ್ಲಿಯೂ ಅದು ಹಾಡಬಲ್ಲುದಾಗಿದ್ದುದರಿಂದ, ಯಂತ್ರವನ್ನು ಆರಿಸುವವನು ತನ್ನ ಊರಿನ ಸ್ಥಿತಿಗೆ ಒಪ್ಪುವುದನ್ನು ಆರಿಸಬೇಕೆಂಬ ಮೊದಲ ಪಾಠವು ಅಂದೇ ದೊರೆಯಿತು.

ಗೌಹರ್ ಜಾನ್ ಅವರ ಆ ಮುದ್ರಿಕೆಗಳಲ್ಲಿ ಇನ್ನೊಂದು ವಿಶೇಷವಿದೆ. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಉಚ್ಚರಿಸುವರು. ಇದು ಆತ್ಮಪ್ರಶಂಸೆಯಲ್ಲ. ಕಲ್ಕತ್ತೆಯಲ್ಲಿ ಮುದ್ರಿಸಿದ ಮೂಲಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದುವು. ಭಾಷೆಯರಿಯದ ಅಲ್ಲಿನ ಕೆಲಸಗಾರರಿಗೆ ಈ ಹಾಡು ಯಾರದೆಂದು ತಿಳಿದು ಸರಿಯಾದ ಚೀಟಿಯನ್ನು ಅಂಟಿಸಲು ಇದೇ ಗುರುತು. ಹೆಸರು ತಪ್ಪಿದ ಹಾಡು ಕಳೆದುಹೋದ ಹಾಡಿಗೆ ಸಮಾನವೆಂಬುದನ್ನು ಆ ಕಾಲದವರು ಬಲ್ಲವರಾಗಿದ್ದರು. ಈ ಮಹಾಗಾಯಕಿಯು ೧೯೨೮ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, ೧೯೩೦ರ ಜನವರಿ ೧೭ರಂದು ಮೈಸೂರಿನಲ್ಲಿಯೇ ಕಾಲವಾದರು. ಅವರು ನುಡಿದ ಹೆಸರು ಮಾತ್ರ ಇಂದಿಗೂ ಕೇಳಿಬರುತ್ತಿದೆ.

ತಟ್ಟೆಗಳ ಕಾಲದಲ್ಲಿಯೂ ಆಯ್ಕೆಯ ಕಷ್ಟವು ತಪ್ಪಲಿಲ್ಲ. ಗ್ರಾಮಫೋನ್ ಕಂಪೆನಿಯ ತಟ್ಟೆಯಲ್ಲಿ ಗೆರೆಯು ಪಕ್ಕಕ್ಕೆ ಓಲಾಡುವುದು; ಉಕ್ಕಿನ ಸೂಜಿಯನ್ನು ಮೇಲಿಂದಮೇಲೆ ಬದಲಿಸಬೇಕು. ಫ್ರಾನ್ಸಿನ ಪಾಥೆ ಕಂಪೆನಿಯ ತಟ್ಟೆಯಲ್ಲಿ ಗೆರೆಯು ಮೇಲೆ ಕೆಳಗೆ ಏರಿಳಿಯುವುದು. ಅದಕ್ಕೆ ನೀಲಮಣಿಯ ಗುಂಡುಮೊನೆ ಬೇಕು. ಒಂದರ ತಟ್ಟೆಯನ್ನು ಇನ್ನೊಂದರ ಸೂಜಿಗೆ ಒಡ್ಡಿದರೆ ಹಾಡು ಕೇಳದಿರುವುದು ಮಾತ್ರವಲ್ಲ, ಗೆರೆಯೇ ಹಾಳಾಗುತ್ತಿದ್ದಿತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಅವಕಾಶ. ಗಂಟೆಗಟ್ಟಲೆ ರಾಗವನ್ನು ವಿಸ್ತರಿಸಬಲ್ಲ ವಿದ್ವಾಂಸರೂ ಆ ಮೂರು ನಿಮಿಷಕ್ಕೆ ತಮ್ಮ ವಿದ್ಯೆಯನ್ನು ಮಡಿಸಿಡಬೇಕಾಯಿತು. ಯಂತ್ರವು ಹಾಡಿಗೆ ಸೇವಕನಾಗದೆ, ಹಾಡೇ ಯಂತ್ರಕ್ಕೆ ಸೇವಕನಾದ ಕಾಲವದು. ೧೯೪೮ರಲ್ಲಿ ಅಮೆರಿಕದಲ್ಲಿ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವ ದೀರ್ಘ ಮುದ್ರಿಕೆ ಬಂದಿತು. ಮರುವರ್ಷವೇ ಪ್ರತಿಸ್ಪರ್ಧಿಗಳು ನಲವತ್ತೈದು ಸುತ್ತಿನ ಚಿಕ್ಕ ತಟ್ಟೆಯನ್ನು ತಂದರು. ಜನರು ಗೊಂದಲಕ್ಕೊಳಗಾದರು. ಹಳೆಯ ಎಪ್ಪತ್ತೆಂಟನ್ನೂ ಹೊಸ ಎರಡನ್ನೂ ತಿರುಗಿಸಬಲ್ಲ ಪೆಟ್ಟಿಗೆಯನ್ನು ಕೊಂಡವರೇ ಜಾಣರೆನಿಸಿದರು. ಹಳೆಯದನ್ನು ಬಿಡದೆ ಹೊಸದನ್ನು ಬರಮಾಡಿಕೊಳ್ಳುವ ಯಂತ್ರವೇ ಶ್ರೇಷ್ಠವೆಂಬುದು ಇಲ್ಲಿ ದೊರೆತ ಎರಡನೆಯ ಪಾಠ.

ಇದೇ ಕಾಲದಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾ ದೇಶದ ವಾಗ್ಗೇಯಕಾರ ನಿಕೊಲಾಯ್ ಮೆಡ್ಟ್ನರನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸಲು ಧನಸಹಾಯ ಮಾಡಿದರು. ೧೯೪೦ರ ದಶಕದ ಕೊನೆಯಲ್ಲಿ ಎಚ್.ಎಂ.ವಿ. ತಟ್ಟೆಗಳಾಗಿ ಹೊರಬಂದ ಅವು ತರುವಾಯ ಸಿ.ಡಿ.ಗಳಾಗಿಯೂ ಪ್ರಕಟವಾದುವು. ಮೆಡ್ಟ್ನರನು ೧೯೫೧ರಲ್ಲಿ ತೀರಿಕೊಂಡನು. ಎಪ್ಪತ್ತೆಂಟು ಸುತ್ತಿನ ತಟ್ಟೆಯೂ ತೀರಿತು. ಅವನ ಬೆರಳಿನ ನಾದವು ಮಾತ್ರ ಒಂದು ದೇಹವನ್ನು ಬಿಟ್ಟು ಇನ್ನೊಂದು ದೇಹವನ್ನು ಪಡೆಯಿತು. ದೇಹಾಂತರಕ್ಕೆ ಅವಕಾಶವಿದ್ದ ಹಾಡು ಉಳಿಯಿತೆಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ಮೈಸೂರು ಸೀಮೆಯವರಿಗೆ ಬೇಕಿಲ್ಲ.

ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯು ೧೯೬೩ರಲ್ಲಿ ಹೊರತಂದ ಕ್ಯಾಸೆಟ್ಟು ಹಳ್ಳಿಗಳ ಮಟ್ಟಿಗೆ ದೊಡ್ಡ ಪರಿವರ್ತನೆಯನ್ನು ಮಾಡಿತು. ಉರುಳೆಯೊಡನೆ ಹೋಗಿದ್ದ ಗುಣವು, ಎಂದರೆ ಮನೆಯವರೇ ಮುದ್ರಿಸಿಕೊಳ್ಳುವ ಸ್ವಾತಂತ್ರ್ಯವು, ಅದರೊಡನೆ ಮರಳಿ ಬಂದಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹೊಂದಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿಯು ೧೯೭೮ರಲ್ಲಿ ಬಂದು ಭಾವಗೀತೆಯನ್ನು ಮನೆಮನೆಗೂ ಒಯ್ದಿತು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಹಳ್ಳಿಯ ಗಾಯಕರ ಕಂಠವನ್ನು ಮುದ್ರಿಸಿಡುವ ಕಾರ್ಯಕ್ಕೆ ಕೈಹಾಕಿದರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಮುಖ್ಯ ಪೀಠ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಆ ಮಹಾಕಾವ್ಯಕ್ಕೆ ಮೂರು ನಿಮಿಷದ ತಟ್ಟೆಯಲ್ಲಿ ಎಡೆಯೆಲ್ಲಿ? ತೊಂಬತ್ತು ನಿಮಿಷದ ಸುರುಳಿಯಲ್ಲಿ, ಒಂದರ ಹಿಂದೆ ಒಂದರಂತೆ, ಅದಕ್ಕೂ ಎಡೆ ದೊರೆಯಿತು. ಆದರೆ ಸುರುಳಿಯ ಆಯುಸ್ಸು ಅಲ್ಪ. ಬೂಷ್ಟು, ಬಿಸಿಲು, ತೇವಗಳಿಗೆ ಅದು ಬೇಗ ವಶವಾಗುವುದು. ದುದ್ದದ ಗೃಹಸ್ಥನು ತಾಯಿಯ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡುದಕ್ಕೆ ಇದೇ ಕಾರಣ.

ಕಂಪ್ಯೂಟರಿನಲ್ಲಿ ಹಾಡು ಕೇವಲ ಅಂಕಿಗಳ ಸಾಲು. ಸಿ.ಡಿ.ಯ ಗುಣಮಟ್ಟದಲ್ಲಿ ಐದು ನಿಮಿಷದ ಹಾಡು ಸುಮಾರು ಐವತ್ತು ಮೆಗಾಬೈಟುಗಳಷ್ಟು ಸ್ಥಳವನ್ನು ಹಿಡಿಯುವುದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು, ಕಿವಿಯು ಗ್ರಹಿಸದ ಅಂಶಗಳನ್ನು ತೆಗೆದುಹಾಕಿ ಅದನ್ನು ಐದು ಮೆಗಾಬೈಟಿಗೆ ಇಳಿಸುವ ಉಪಾಯವನ್ನು ಸಿದ್ಧಪಡಿಸಿದರು. ೧೯೯೫ರಲ್ಲಿ ಅದಕ್ಕೆ ಎಂ.ಪಿ.೩ ಎಂಬ ಹೆಸರಾಯಿತು. ಅದನ್ನು ಹಾಡಿಸುವುದಕ್ಕಾಗಿ ೧೯೯೭ರಲ್ಲಿ ವಿನ್‌ಆಂಪ್ ಎಂಬ ತಂತ್ರಾಂಶವು ಬಂದು ಲೋಕಪ್ರಿಯವಾಯಿತು. ೧೯೯೯ರಲ್ಲಿ ಅದನ್ನು ಎ.ಓ.ಎಲ್. ಸಂಸ್ಥೆ ಕೊಂಡಿತು, ೨೦೧೩ರಲ್ಲಿ ಮುಚ್ಚುವುದಾಗಿ ಸಾರಿತು, ೨೦೧೪ರಲ್ಲಿ ಬೇರೊಬ್ಬರ ಕೈಗೆ ಮಾರಿತು. ಒಡೆಯರು ಬದಲಾದರೂ ಅದನ್ನು ಬಳಸಿದವರ ಹಾಡುಗಳಿಗೆ ಹಾನಿಯಾಗಲಿಲ್ಲ. ಏಕೆಂದರೆ ಹಾಡುಗಳು ಬಳಸುವವನ ಫೋಲ್ಡರಿನಲ್ಲಿ ಬೇರೆಯಾಗಿ, ಬೇರೆ ಯಾವ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಇದ್ದುವು.

ಇದಕ್ಕೆ ವ್ಯತಿರೇಕವಾದ ದೃಷ್ಟಾಂತವೂ ಉಂಟು. ಆಪಲ್ ಸಂಸ್ಥೆಯ ಐಟ್ಯೂನ್ಸ್ ೨೦೦೧ರಲ್ಲಿ ಬಂದಿತು. ೨೦೦೩ರಿಂದ ಅದರ ಅಂಗಡಿಯಲ್ಲಿ ಮಾರಿದ ಹಾಡುಗಳಿಗೆ ಬೀಗವಿದ್ದಿತು. ಗೊತ್ತಾದಷ್ಟು ಕಂಪ್ಯೂಟರುಗಳಲ್ಲಿ ಮಾತ್ರ ಅವು ಹಾಡುತ್ತಿದ್ದುವು. ೨೦೦೯ರಲ್ಲಿ ಸಂಗೀತಕ್ಕೆ ಹಾಕಿದ್ದ ಆ ಬೀಗವನ್ನು ತೆಗೆಯಲಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಎಂ.ಎಸ್.ಎನ್. ಮ್ಯೂಸಿಕ್ ಅಂಗಡಿಯೂ ಬೀಗ ಹಾಕಿದ ಹಾಡುಗಳನ್ನೇ ಮಾರಿತ್ತು. ಅಂಗಡಿ ಮುಚ್ಚಿದ ಮೇಲೆ ೨೦೦೮ರಲ್ಲಿ, ಬೀಗದ ಕೈಯನ್ನು ಕೊಡುತ್ತಿದ್ದ ಯಂತ್ರಗಳನ್ನೂ ನಿಲ್ಲಿಸುವುದಾಗಿ ಪ್ರಕಟಣೆ ಹೊರಟಿತು. ಹಾಗಾದರೆ ಹೊಸ ಕಂಪ್ಯೂಟರು ಕೊಂಡವರು ತಾವು ಹಣ ತೆತ್ತ ಹಾಡನ್ನೇ ಕೇಳುವಂತಿರಲಿಲ್ಲ. ಜನರು ಆಕ್ಷೇಪಿಸಿದ ಮೇಲೆ ಅವಧಿಯನ್ನು ಮುಂದಕ್ಕೆ ಹಾಕಲಾಯಿತು. ಎಡಿಸನ್ನನ ಉರುಳೆಯ ಕಥೆಯೇ ಇಲ್ಲಿ ಮರುಕಳಿಸಿತು. ಭೇದವಿಷ್ಟೆ, ಅಲ್ಲಿ ಕೆಟ್ಟುದು ಮನೆಯೊಳಗಿನ ಯಂತ್ರ, ಇಲ್ಲಿ ಕೈಬಿಟ್ಟುದು ಕಣ್ಣಿಗೆ ಕಾಣದ ದೂರದ ಒಡೆಯ.

ಇಷ್ಟರಿಂದ ಪ್ರಕೃತ ಪ್ರಶ್ನೆಗೆ ಲಕ್ಷಣಗಳನ್ನು ಹೇಳುವುದು ಸುಲಭವಾಗಿದೆ. ಹಾಡಿಸುವ ತಂತ್ರಾಂಶಕ್ಕೆ ನಾಲ್ಕು ಲಕ್ಷಣಗಳಿರಬೇಕು.

ಮೊದಲನೆಯದು, ಬಹುರೂಪಗ್ರಹಣ. ಎಂ.ಪಿ.೩ ಮಾತ್ರವಲ್ಲದೆ, ೨೦೦೧ರಲ್ಲಿ ಬಂದ ಫ್ಲ್ಯಾಕ್ ಎಂಬ ನಮೂನೆಯನ್ನೂ ಅದು ಓದಬೇಕು. ಫ್ಲ್ಯಾಕ್ ಹಾಡಿನ ಗಾತ್ರವನ್ನು ಕುಗ್ಗಿಸಿದರೂ ಒಂದು ಅಂಕಿಯನ್ನೂ ಕಳೆಯುವುದಿಲ್ಲ. ಮತ್ತೊಂದು ದೊರೆಯದ ತಾಯಿಯ ಧ್ವನಿಗೆ ಅದೇ ತಕ್ಕುದು.

ಎರಡನೆಯದು, ಅಖಂಡತೆ. ಸಿ.ಡಿ.ಗಳಲ್ಲಿ ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಭಾಗಗಳಾಗಿ ಕತ್ತರಿಸಿರುವುದುಂಟು. ಎಂ.ಪಿ.೩ ಮಾಡುವಾಗ ಪ್ರತಿಯೊಂದು ಭಾಗದ ಮೊದಲಲ್ಲಿಯೂ ಕೊನೆಯಲ್ಲಿಯೂ ಅಲ್ಪ ಮೌನವು ಸೇರಿಕೊಳ್ಳುವುದು. ಅದನ್ನು ಅರಿತು ಬಿಟ್ಟುಬಿಡದ ತಂತ್ರಾಂಶದಲ್ಲಿ ತಾನದಿಂದ ಪಲ್ಲವಿಗೆ ಹೋಗುವಾಗ ತಂಬೂರಿಯ ಶ್ರುತಿಯೇ ಕಡಿದು ಬೀಳುವುದು.

ಮೂರನೆಯದು, ನಾಮರಕ್ಷೆ. ೧೯೯೬ರಲ್ಲಿ ಎಂ.ಪಿ.೩ ಕಡತಕ್ಕೆ ಹೆಸರಿನ ಚೀಟಿಯನ್ನು ಸೇರಿಸುವ ಪದ್ಧತಿ ಬಂದಾಗ, ಹಾಡಿನ ಹೆಸರಿಗೆ ಮೂವತ್ತು ಬೈಟುಗಳು ಮಾತ್ರ ಗೊತ್ತಾಗಿದ್ದುವು. ಈಗ ವ್ಯಾಪಕವಾಗಿರುವ ಯುನಿಕೋಡಿನ ಯು.ಟಿ.ಎಫ್.-೮ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಮಂಟೇಸ್ವಾಮಿ’ ಎಂಬ ಹೆಸರೊಂದೇ ಹತ್ತು ಸಂಕೇತಗಳಾಗಿ ಆ ಮೂವತ್ತನ್ನೂ ತುಂಬಿಬಿಡುವುದು; ‘ಕಾವ್ಯ’ವೆಂದು ಸೇರಿಸಲು ಒಂದು ಬೈಟೂ ಉಳಿಯದು. ಆಮೇಲಿನ ಪದ್ಧತಿಗಳಲ್ಲಿ ಈ ಇಕ್ಕಟ್ಟು ನಿವಾರಣೆಯಾಗಿದೆ. ಆದುದರಿಂದ ಕನ್ನಡ ಅಕ್ಷರಗಳನ್ನು ಯುನಿಕೋಡಿನಲ್ಲಿ ಓದಿ ಬರೆಯಬಲ್ಲ, ರಾಗ, ತಾಳ, ಹಾಡಿದವರು, ಊರು ಎಂಬ ವಿವರಗಳಿಗೆ ಎಡೆಗೊಡಬಲ್ಲ ತಂತ್ರಾಂಶವೇ ಬೇಕು. ಆ ವಿವರಗಳು ತಂತ್ರಾಂಶದ ಒಳಪುಸ್ತಕದಲ್ಲಿ ಅಡಗದೆ, ಹಾಡಿನ ಕಡತದಲ್ಲಿಯೇ ಬರೆಯಲ್ಪಟ್ಟಿರಬೇಕು. ಗೌಹರ್ ಜಾನ್ ಅವರ ಹೆಸರು ತಟ್ಟೆಯೊಳಗೇ ಇದ್ದಂತೆ, ಹೆಸರು ಹಾಡಿನೊಡನೆಯೇ ಪ್ರಯಾಣ ಮಾಡಬೇಕು.

ನಾಲ್ಕನೆಯದು, ನಿರ್ಗಮನಸ್ವಾತಂತ್ರ್ಯ. ತಂತ್ರಾಂಶವನ್ನು ನಾಳೆ ಕಿತ್ತುಹಾಕಿದರೆ ಏನು ಉಳಿಯುವುದೆಂದು ಮೊದಲೇ ಕೇಳಿಕೊಳ್ಳಬೇಕು. ಹಾಡು, ಹೆಸರು, ಕ್ರಮ ಮೂರೂ ಉಳಿಯುವುದಾದರೆ ಅದು ಸಾಧು. ಉಳಿಯದಿದ್ದರೆ, ಎಷ್ಟೇ ಸುಂದರವಾಗಿರಲಿ, ತ್ಯಾಜ್ಯ.

ಈ ಲಕ್ಷಣಗಳಿಂದ ನೋಡುವಾಗ, ಪ್ಯಾರಿಸ್ಸಿನ ವಿದ್ಯಾರ್ಥಿಗಳ ಪ್ರಯತ್ನವಾಗಿ ಹುಟ್ಟಿ ೨೦೦೧ರಲ್ಲಿ ಮುಕ್ತವಾದ ವಿ.ಎಲ್.ಸಿ. ಬಹುರೂಪಗ್ರಹಣದಲ್ಲಿ ಪ್ರಸಿದ್ಧವಾದುದು, ಗುರುತಿಲ್ಲದ ಹಳೆಯ ಕಡತವನ್ನೂ ಬಹುಮಟ್ಟಿಗೆ ಅದು ಹಾಡಿಸುವುದು. ಆದರೆ ದೊಡ್ಡ ಸಂಗ್ರಹವನ್ನು ವಿಂಗಡಿಸುವುದಕ್ಕೆ ಅದು ಅಷ್ಟಾಗಿ ಒದಗದು. ವಿಂಡೋಸ್ ಬಳಸುವವರಿಗೆ, ೨೦೦೨ರಿಂದ ಬೆಳೆದುಬಂದ ಫೂಬಾರ್ ೨೦೦೦ ಅಖಂಡತೆಯಲ್ಲಿಯೂ ನಾಮರಕ್ಷೆಯಲ್ಲಿಯೂ ಸಮರ್ಥ. ರಾಗತಾಳಗಳಿಗೆ ಬೇರೆ ಅಂಕಣಗಳನ್ನೇ ಅದರಲ್ಲಿ ಏರ್ಪಡಿಸಿಕೊಳ್ಳಬಹುದು. ನೋಟಕ್ಕೆ ಅದು ಸಾದಾ. ಕಲಿಯಲು ಕೊಂಚ ತಾಳ್ಮೆ ಬೇಕು. ಲಿನಕ್ಸ್ ಬಳಸುವವರಿಗೆ, ಕ್ಲೆಮೆಂಟೈನ್ ಎಂಬುದರಿಂದ ಕವಲೊಡೆದು ೨೦೧೮ರಲ್ಲಿ ಬಂದ ಸ್ಟ್ರಾಬೆರಿ ಒಪ್ಪುವುದು. ಇವೇ ಕೊನೆಯ ಹೆಸರುಗಳಲ್ಲ. ಇವೂ ಒಂದು ದಿನ ಉರುಳೆಯ ದಾರಿಯನ್ನು ಹಿಡಿಯುವುವು. ಅಂದು ಹಾಡು ಇವುಗಳೊಡನೆ ಹೋಗದಿದ್ದರೆ ಸಾಕು.

ದೀಪವು ಘಟವನ್ನು ತೋರಿಸುವುದು. ಘಟವು ದೀಪದ ಸೊತ್ತಲ್ಲ. ಮೀಮಾಂಸಕರು ವ್ಯಂಜಕವೆಂದು ಕರೆದುದರ ಕೆಲಸವೂ ಇಷ್ಟೇ: ಇರುವುದನ್ನು ಪ್ರಕಟಪಡಿಸುವುದು. ತಾನು ದೀಪವೆಂಬುದನ್ನು ಮರೆಯದ ತಂತ್ರಾಂಶವನ್ನು ಆರಿಸಿದವನ ಮನೆಯಲ್ಲಿ ಶಬ್ದವು ಮೀಮಾಂಸಕರ ಮತದಂತೆ ಉಳಿಯುವುದು. ಹಾಡಿಗೆ ತಾನೇ ಒಡೆಯನೆಂಬ ತಂತ್ರಾಂಶವನ್ನು ನಂಬಿದವನ ಮನೆಯಲ್ಲಿ ಅದು ನೈಯಾಯಿಕರ ಮತದಂತೆ ಅಳಿಯುವುದು. ದುದ್ದದ ಗೃಹಸ್ಥನು ತಾಯಿಯ ಸೋಬಾನೆಯನ್ನು ಫ್ಲ್ಯಾಕ್ ಕಡತವಾಗಿಸಿ, ಆಕೆಯ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಅದರೊಳಗೆ ಬರೆದು, ಎರಡನೆಯ ಪ್ರತಿಯನ್ನು ಬೇರೊಂದು ಮನೆಯಲ್ಲಿರಿಸಲಿ. ಅಷ್ಟಾದ ಮೇಲೆ ಯಾವ ಪೆಟ್ಟಿಗೆ ಹಾಡಿಸಿದರೂ ಆದೀತು. ಮೊಮ್ಮಗಳ ಮದುವೆಯ ದಿನ ಚಪ್ಪರದಡಿಯಲ್ಲಿ ಅಜ್ಜಿಯ ಧ್ವನಿ ಕೇಳಿದರೆ, ಆಯ್ಕೆಯು ಸರಿಯಾಗಿದ್ದಿತೆಂದು ತಿಳಿಯಬಹುದು.