ಉಷ್ಣಗತಿ ವಿಜ್ಞಾನದ ಮೂಲತತ್ತ್ವಗಳು

ಉಷ್ಣಗತಿ ವಿಜ್ಞಾನವು ಉಷ್ಣ, ಕಾರ್ಯ, ತಾಪಮಾನ ಮತ್ತು ಶಕ್ತಿಗಳ ಪರಸ್ಪರ ಸಂಬಂಧವನ್ನು ವಿವರಿಸುವ ಭೌತವಿಜ್ಞಾನದ ಶಾಖೆಯಾಗಿದೆ. ಇದು ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಅಡಿಪಾಯದ ವಿಷಯಗಳಲ್ಲೊಂದು. ಹಾವೇರಿ ಮತ್ತು ರಾಣೆಬೆನ್ನೂರುಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದ ಇಂಜಿನಿಯರಿಂಗ್ ಕಾಲೇಜುಗಳಿವೆ. ಇದೇ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ವಹಿವಾಟಿನಲ್ಲಿ ಈ ವಿಜ್ಞಾನದ ನಿಯಮಗಳಿಗೆ ಪ್ರತ್ಯಕ್ಷ ಉದಾಹರಣೆಗಳು ದೊರೆಯುತ್ತವೆ.

ವ್ಯವಸ್ಥೆ ಮತ್ತು ಪರಿಸರ

ಅಧ್ಯಯನಕ್ಕಾಗಿ ಆಯ್ದುಕೊಂಡ ಭಾಗವನ್ನು ವ್ಯವಸ್ಥೆ ಎಂದೂ ಅದರ ಹೊರಗಿನದನ್ನು ಪರಿಸರ ಎಂದೂ ಕರೆಯುತ್ತಾರೆ. ಶೀತಲಗೃಹದ ಬಾಗಿಲು ಬಿಗಿಯಾಗಿ ಮುಚ್ಚಿದ್ದಾಗ ಅದು ಸರಿಸುಮಾರು ಮುಚ್ಚಿದ ವ್ಯವಸ್ಥೆ. ಗೋಡೆಯ ಮೂಲಕ ಉಷ್ಣ ಹಾಯಬಹುದು, ದ್ರವ್ಯ ಹಾಯದು. ಬಾಗಿಲು ತೆರೆದಾಗ ಗಾಳಿಯೂ ಒಳಹೊಕ್ಕು ಅದು ತೆರೆದ ವ್ಯವಸ್ಥೆಯಾಗುತ್ತದೆ. ಉಷ್ಣವು ವಸ್ತುವಿನಲ್ಲಿ ಸಂಗ್ರಹವಾಗಿರುವುದಿಲ್ಲ. ತಾಪಮಾನದ ವ್ಯತ್ಯಾಸದಿಂದ ಗಡಿಯನ್ನು ದಾಟುವ ಶಕ್ತಿಯೇ ಉಷ್ಣ.

ಮೊದಲನೆಯ ನಿಯಮ

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲೂ ಆಗದು. ಜೇಮ್ಸ್ ಜೂಲ್ 1840ರ ದಶಕದ ಪ್ರಯೋಗಗಳಲ್ಲಿ ಕಾರ್ಯ ಮತ್ತು ಉಷ್ಣಗಳ ಸಮಾನತೆಯನ್ನು ಅಳೆದು ತೋರಿಸಿದನು. ಶೇ. 75ರಷ್ಟು ತೇವಾಂಶವಿರುವ 100 ಕಿ.ಗ್ರಾಂ ಹಸಿ ಹಣ್ಣುಮೆಣಸಿನಕಾಯಿಯನ್ನು ಶೇ. 10ರ ತೇವಾಂಶಕ್ಕೆ ಒಣಗಿಸುವುದೆಂದು ಭಾವಿಸೋಣ. ಒಣ ಅಂಶ 25 ಕಿ.ಗ್ರಾಂ ಆಗಿರುವುದರಿಂದ ಕೊನೆಯಲ್ಲಿ ಸುಮಾರು 28 ಕಿ.ಗ್ರಾಂ ಉಳಿಯುತ್ತದೆ, 72 ಕಿ.ಗ್ರಾಂ ನೀರು ಆವಿಯಾಗುತ್ತದೆ. ಪ್ರತಿ ಕಿ.ಗ್ರಾಂಗೆ ಸುಮಾರು 2,400 ಕಿಲೋಜೂಲ್‌ನಂತೆ ಇದಕ್ಕೆ ಸುಮಾರು 173 ಮೆಗಾಜೂಲ್, ಅಂದರೆ 48 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು. ಕಣದಲ್ಲಿ ಈ ಶಕ್ತಿಯನ್ನು ಬಿಸಿಲು ಮತ್ತು ಗಾಳಿ ಒದಗಿಸುತ್ತವೆ.

ಎರಡನೆಯ ನಿಯಮ

ಉಷ್ಣವು ತಾನಾಗಿಯೇ ತಂಪಿನಿಂದ ಬಿಸಿಯ ಕಡೆಗೆ ಹರಿಯುವುದಿಲ್ಲ. ಸಾದಿ ಕಾರ್ನೊ 1824ರಲ್ಲಿ ಉಷ್ಣಯಂತ್ರಗಳ ದಕ್ಷತೆಯ ಮಿತಿಯನ್ನು ನಿರೂಪಿಸಿದನು. ರುಡಾಲ್ಫ್ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂಬ ಪದವನ್ನು ಬಳಕೆಗೆ ತಂದನು. ಹೊರಗೆ 38 ಡಿಗ್ರಿ, ಒಳಗೆ 5 ಡಿಗ್ರಿ ಸೆಲ್ಸಿಯಸ್ ಇರುವ ಶೀತಲಗೃಹದ ಗರಿಷ್ಠ ಕಾರ್ಯಗುಣಾಂಕ 278 ÷ (311 − 278), ಅಂದರೆ ಸುಮಾರು 8.4. ಒಂದು ಕಿಲೋವ್ಯಾಟ್ ವಿದ್ಯುತ್ತಿನಿಂದ ಹೆಚ್ಚೆಂದರೆ 8.4 ಕಿಲೋವ್ಯಾಟ್ ಉಷ್ಣವನ್ನು ಹೊರಹಾಕಬಹುದು. ವಾಸ್ತವ ಯಂತ್ರಗಳ ಗುಣಾಂಕ ಇದಕ್ಕಿಂತ ಕಡಿಮೆ.

ಸಾಮಾನ್ಯ ತಪ್ಪುಗಳು

ಈ ಲೆಕ್ಕದಲ್ಲಿ ಕೆಲ್ವಿನ್ ಬದಲು ಸೆಲ್ಸಿಯಸ್ ಬಳಸಿದರೆ 5 ÷ 33, ಅಂದರೆ 0.15 ಎಂಬ ಅಸಂಬದ್ಧ ಉತ್ತರ ಬರುತ್ತದೆ. ಶೀತಲಯಂತ್ರವು ತಂಪನ್ನು ಉತ್ಪಾದಿಸುತ್ತದೆ ಎಂಬುದೂ ತಪ್ಪು ಕಲ್ಪನೆ. ಅದು ಉಷ್ಣವನ್ನು ಹೊರಗೆ ಸಾಗಿಸುತ್ತದೆ.

ಸ್ಥಳೀಯ ಮಹತ್ವ

ಗಾಢ ಕೆಂಪು ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. ದಾಸ್ತಾನಿನಲ್ಲಿ ಶಾಖ, ಬೆಳಕು ಮತ್ತು ಆಮ್ಲಜನಕಗಳಿಂದ ಬಣ್ಣ ಮಾಸುವುದರಿಂದ, ಬೆಲೆ ಕುಸಿದಾಗ ಬೆಳೆಯನ್ನು ಕಾಯ್ದಿಡಲು ಶೀತಲಗೃಹಗಳು ನೆರವಾಗುತ್ತವೆ. ವಿದ್ಯುತ್ ನಿಂತರೆ ಹೊರಗಿನ ಉಷ್ಣ ಒಳಹರಿಯುತ್ತದೆ. ಉಷ್ಣನಿರೋಧಕ ಗೋಡೆಗಳು ಅದನ್ನು ನಿಧಾನಗೊಳಿಸಬಲ್ಲವೇ ಹೊರತು ತಡೆಯಲಾರವು.