ದಸರಾ ಗೊಂಬೆ: ಬಣ್ಣಗಾರಿಕೆ ಮತ್ತು ಅಲಂಕರಣ

ನವರಾತ್ರಿಯಲ್ಲಿ ಕೂರಿಸುವ ಹಳೆಯ ಪೌರಾಣಿಕ ಗೊಂಬೆಗಳ ಬಣ್ಣ ತಿದ್ದುವುದು, ಅವುಗಳ ಸುತ್ತ ಬೆಟ್ಟ, ಕೆರೆ, ಕಾಡು ಕಟ್ಟುವುದು ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಬೆಳೆದುಬಂದ ಹವ್ಯಾಸ. ಕೆಲಸಕ್ಕೆಂದು ದೆಹಲಿ, ನೊಯ್ಡಾ, ಗುರುಗ್ರಾಮಗಳಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳು ಇದನ್ನು ಅಲ್ಲಿಗೂ ಒಯ್ದಿವೆ.

ವಿಜಯನಗರದ ಮಹಾನವಮಿ ಉತ್ಸವವನ್ನು ರಾಜ ಒಡೆಯರ್ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅರಮನೆಯ ಹಬ್ಬ ಊರ ಮನೆಗಳ ಹಬ್ಬವೂ ಆಯಿತು. 1912ರಲ್ಲಿ ಪೂರ್ಣಗೊಂಡ ಮೈಸೂರಿನ ಅಂಬಾವಿಲಾಸ ಅರಮನೆಯಲ್ಲಿ ಗೊಂಬೆಗಳಿಗೆಂದೇ ‘ಗೊಂಬೆ ತೊಟ್ಟಿ’ ಇದೆ. ಮನೆಗಳಲ್ಲಿ ಮೊದಲ ಸ್ಥಾನ ಪಟ್ಟದ ಗೊಂಬೆಗಳದ್ದು. ರಕ್ತಚಂದನದ ಈ ರಾಜ–ರಾಣಿ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳಿಸುವುದು ವಾಡಿಕೆ. ಇವಕ್ಕೆ ಬಣ್ಣ ಹಚ್ಚುವುದಿಲ್ಲ, ಪ್ರತಿ ವರ್ಷ ಹೊಸ ಬಟ್ಟೆ ಉಡಿಸುತ್ತಾರೆ.

ಬಣ್ಣದ ಕಸುಬನ್ನು ನೋಡಬೇಕಾದರೆ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೇ ಹೋಗಬೇಕು. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಕೈಕಾಲುಗಳನ್ನು ಬೇರೆಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಹಚ್ಚುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಸರ, ಕಿರೀಟ, ತೋಳಬಂದಿಗಳನ್ನು ಮೈಮೇಲೆ ಉಬ್ಬಿಸುತ್ತಾರೆ. ಬಣ್ಣ ಬೀಳುವ ಮುನ್ನವೇ ಆಭರಣ ಬೆರಳಿಗೆ ತಾಕುವಂತಿರುತ್ತದೆ. ಗರುಡನ ರೆಕ್ಕೆಯ ಗೆರೆಗಳು ದೂರದಿಂದಲೂ ಎದ್ದು ಕಾಣುವುದು ಇದರಿಂದಲೇ. ಹೊಳಪಿಗೆ ‘ಲಾಜವಾರ’ ಎಂಬ ಲೋಹದ ಲೇಪವಿತ್ತು. ಕಿನ್ನಾಳ ಕಲೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ.

ಗೊಂಬೆಯನ್ನು ಕೊಂಡು ತರಬಹುದು, ಅದು ನಿಲ್ಲುವ ನೆಲವನ್ನು ಮಾತ್ರ ಮನೆಯವರೇ ಮಾಡಬೇಕು. ನೆನೆಸಿದ ರಾಗಿಯನ್ನೋ ಸಾಸಿವೆಯನ್ನೋ ತಟ್ಟೆಯ ಮಣ್ಣಿನ ಮೇಲೆ ತೆಳುವಾಗಿ ಹರಡಿ ದಿನವೂ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಹೊಲ ಸಿದ್ಧ. ಕನ್ನಡಿಯ ತುಂಡಿನ ಅಂಚಿಗೆ ಮಣ್ಣು ಸರಿಸಿದರೆ ಕೆರೆ. ಇದರ ಸೊಗಸು ಅಳತೆಯಲ್ಲಿದೆ: ಮಹಿಷಾಸುರನಿಗಿಂತ ಮರ ಕುಳ್ಳಾದರೆ ಕಾಡೇ ಕೆಡುತ್ತದೆ. ಅಂಗಡಿ ಇಟ್ಟ ಸೆಟ್ಟಿ ದಂಪತಿ ಗೊಂಬೆಗಳ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಮೆಣಸು ಇಡುವುದಂತೂ ತಪ್ಪುವುದಿಲ್ಲ.

ಮಣ್ಣಿನ ಗೊಂಬೆಗಳಲ್ಲಿ ಮೊದಲು ಸವೆಯುವುದು ಮೂಗು, ಬೆರಳ ತುದಿ. ಮುರಿದ ಕೈಗೆ ಈಗ ಎಂ-ಸೀಲ್ ಮೆತ್ತಿ ಅಕ್ರಿಲಿಕ್ ಬಳಿಯುತ್ತಾರೆ. ಅಷ್ಟು ಸಾಕು. ಹಳೆಯ ಗೊಂಬೆಯ ಮುಖಕ್ಕೆ ಪೂರ್ತಿ ಎನಾಮಲ್ ಹೊಡೆದರೆ ಹುಬ್ಬು, ಕಣ್ಣಂಚಿನ ಸೂಕ್ಷ್ಮ ಗೆರೆಗಳು ಮುಚ್ಚಿಹೋಗುತ್ತವೆ. ಚಿತ್ರಗಾರನ ಕೈ ಮತ್ತೆ ಸಿಗುವುದಿಲ್ಲ. ಬಣ್ಣ ಉದುರಿದ ಜಾಗವನ್ನಷ್ಟೇ ತಿದ್ದಬೇಕು.

ದೆಹಲಿಯಲ್ಲಿ ಈ ಹವ್ಯಾಸಕ್ಕೆ ಒಳ್ಳೆಯ ನೆರೆಹೊರೆಯಿದೆ. ಅದೇ ದಿನಗಳಲ್ಲಿ ತಿತಾರ್‌ಪುರದಲ್ಲಿ ಬಿದಿರು, ಕಾಗದದ ರಾವಣರು ಏಳುತ್ತಾರೆ, ಚಿತ್ತರಂಜನ್ ಪಾರ್ಕ್‌ನಲ್ಲಿ ದುರ್ಗೆಯ ಮಣ್ಣಿನ ಮೂರ್ತಿಗಳು ಬಣ್ಣ ಪಡೆಯುತ್ತವೆ. ಬಹಾದುರ್ ಷಾ ಜಫರ್ ಮಾರ್ಗದಲ್ಲಿ ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೈ ಕಟ್ಟಿದ ಅಂತರರಾಷ್ಟ್ರೀಯ ಗೊಂಬೆ ಸಂಗ್ರಹಾಲಯವಿದೆ. ತಾವು ನಡೆಸುತ್ತಿದ್ದ ಮಕ್ಕಳ ಸ್ಪರ್ಧೆಗೆ ಹಂಗೆರಿಯ ರಾಯಭಾರಿ ಬಹುಮಾನವಾಗಿ ಕೊಟ್ಟ ಗೊಂಬೆಯೊಂದು ಶಂಕರ್‌ಗೆ ಸಂಗ್ರಹದ ಹುಚ್ಚು ಹಿಡಿಸಿತು. ಊರೂರು ಸುತ್ತಿದ ಪ್ರದರ್ಶನಗಳಲ್ಲಿ ಗೊಂಬೆಗಳಿಗೆ ಪೆಟ್ಟಾಗುತ್ತಿದ್ದುದರಿಂದ ಶಾಶ್ವತ ನೆಲೆ ಬೇಕಾಯಿತು. 1965ರ ನವೆಂಬರ್ 30ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅದನ್ನು ಉದ್ಘಾಟಿಸಿದರು. ಸುಮಾರು 85 ದೇಶಗಳ 6,500 ಗೊಂಬೆಗಳು ಅಲ್ಲಿವೆ. ಸಂಗ್ರಹಾಲಯದ ಕಾರ್ಯಾಗಾರವು ಭಾರತದ ನಾನಾ ಪ್ರಾಂತಗಳ ಉಡುಗೆಯ ಗೊಂಬೆಗಳನ್ನು ತಯಾರಿಸಿ, ವಿದೇಶಿ ಗೊಂಬೆಗಳಿಗೆ ಬದಲಿಯಾಗಿಯೂ ಕೊಡುತ್ತದೆ. 1980ರಲ್ಲಿ ಪೋಲೆಂಡಿನ ಕ್ರಾಕೋ ನಗರದ ಗೊಂಬೆ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು.