ಎರೆಮಣ್ಣಿನ ನಾಡಿನಲ್ಲಿ ಕೊರೆತದ ರಾಡಿಯ ಲೆಕ್ಕ

ಪುಣೆಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯು ಕರಾಡವನ್ನು ಹಾಯ್ದು ಹೋಗುತ್ತದೆ. ಅದರ ಪಶ್ಚಿಮಕ್ಕಿರುವ ಕೊಯ್ನಾ ಕಣಿವೆಯಲ್ಲಿ 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪವಾಗಿ ಅನೇಕರು ಮಡಿದರು. ಜಲಾಶಯದ ಬಳಿ ನೆಲವು ನಡುಗುವುದರ ಕಾರಣವನ್ನು ಅರಸುತ್ತ ಕೇಂದ್ರ ಭೂವಿಜ್ಞಾನ ಸಚಿವಾಲಯವು 2016–17ರಲ್ಲಿ ಅಲ್ಲಿನ ಗೋಠಣೆಯಲ್ಲಿ 3 ಕಿಲೋಮೀಟರ್ ಆಳದ ರಂಧ್ರವನ್ನು ಕೊರೆಯಿಸಿತು. ಇಂಥ ಆಳದ ಕೊರೆತದಲ್ಲಿ ಯಂತ್ರದಷ್ಟೇ ಮಣ್ಣಿಗೂ ಮಹತ್ವವುಂಟು.

ನೀರಿನಲ್ಲಿ ಜೇಡಿಯನ್ನು ಕಲಸಿದ ರಾಡಿಯನ್ನು ಕೊಳವೆಯೊಳಗಿಂದ ಇಳಿಬಿಟ್ಟರೆ, ಅದು ಕೊರೆಯುವ ಮೊನೆಯನ್ನು ತಂಪುಗೊಳಿಸಿ, ಕಲ್ಲಿನ ಚೂರುಗಳನ್ನು ಮೇಲಕ್ಕೆ ಹೊತ್ತು ತಂದು, ರಂಧ್ರದ ಗೋಡೆಗೆ ಮೆತ್ತಿ ಕುಸಿತವನ್ನು ತಡೆಯುತ್ತದೆ. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್ ಎಣ್ಣೆಬಾವಿಯವರು ಹೊಂಡದಲ್ಲಿ ದನಗಳನ್ನು ತುಳಿದಾಡಿಸಿ ರಾಡಿಯನ್ನು ಸಿದ್ಧಪಡಿಸಿದರೆಂದು ಪ್ರತೀತಿ. ಆಗ ಅಂದಾಜೇ ಅಳತೆ. ಮುಂದೆ ಎಣ್ಣೆಯ ಉದ್ಯಮವು ಒಂದು ನಿಯಮವನ್ನು ಗೊತ್ತುಪಡಿಸಿತು: 15 ಸೆಂಟಿಪಾಯಿಸ್, ಎಂದರೆ ನೀರಿಗಿಂತ ಸುಮಾರು 15 ಪಟ್ಟು, ಸ್ನಿಗ್ಧತೆಯುಳ್ಳ ರಾಡಿಯು ಒಂದು ಟನ್ ಮಣ್ಣಿನಿಂದ ಎಷ್ಟು ದೊರೆಯುವುದೋ ಅದೇ ಆ ಮಣ್ಣಿನ ಹುಟ್ಟುವಳಿ.

ಲೆಕ್ಕವು ಸರಳವಾದುದು. ಉತ್ತಮ ಬೆಂಟೊನೈಟ್ ಜೇಡಿಯು 350 ಮಿಲಿಲೀಟರ್ ನೀರಿಗೆ 22.5 ಗ್ರಾಂ ಬೆರೆತರೆ ಈ ಸ್ನಿಗ್ಧತೆಯನ್ನು ಪಡೆಯುತ್ತದೆ. ಆ ಪ್ರಮಾಣದಲ್ಲಿ 1,000 ಕಿಲೋಗ್ರಾಂ ಜೇಡಿಗೆ 15.6 ಘನಮೀಟರ್ ನೀರು ಬೇಕು. ಜೇಡಿಯ ಸ್ವಂತ ಗಾತ್ರ ಸುಮಾರು 0.4 ಘನಮೀಟರ್ ಸೇರಿ ರಾಡಿಯು ಸುಮಾರು 16 ಘನಮೀಟರ್ ಆಗುವುದು. ಅದೇ ಸ್ನಿಗ್ಧತೆಗೆ 90 ಗ್ರಾಂ ಬೇಡುವ ಸಾಧಾರಣ ಜೇಡಿಯ ಹುಟ್ಟುವಳಿ ಕೇವಲ 4.3. ರಂಧ್ರದ ವ್ಯಾಸವು 20 ಸೆಂಟಿಮೀಟರ್ ಎಂದು ಹಿಡಿದರೆ, 3 ಕಿಲೋಮೀಟರ್ ಆಳವನ್ನು ಒಮ್ಮೆ ತುಂಬಲು 94 ಘನಮೀಟರ್ ರಾಡಿ ಬೇಕು. ಅದಕ್ಕೆ ಮೊದಲನೆಯ ಜೇಡಿಯು 6 ಟನ್ ಸಾಕು; ಎರಡನೆಯದು 22 ಟನ್. ಬಿರುಕುಗಳಲ್ಲಿ ಸೋರಿಹೋಗುವುದು ಬೇರೆ.

ಈ ಅಂತರಕ್ಕೆ ಕಾರಣವು ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಅದರ ಪದರಗಳ ನಡುವೆ ಸೋಡಿಯಂ ಇದ್ದರೆ ನೀರು ಹೊಕ್ಕು ಮಣ್ಣು ಬಹಳವಾಗಿ ಉಬ್ಬುತ್ತದೆ. ಕ್ಯಾಲ್ಸಿಯಂ ಇದ್ದರೆ ಕಡಿಮೆ. ಪುಣೆಯಿಂದ ವಿಜಯಪುರದವರೆಗೆ ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವ ಎರೆಭೂಮಿಯ ಗುಣವೂ ಇದೇ ಜಾತಿಯ ಖನಿಜದ್ದು. ಆದರೆ ಎರೆಮಣ್ಣಿನಲ್ಲಿ ಕ್ಯಾಲ್ಸಿಯಂ ಪ್ರಧಾನವಾಗಿ, ಸುಣ್ಣದ ಹರಳೂ ಮರಳೂ ಬೆರೆತಿರುವುದರಿಂದ, ಅದು ಕೊರೆತಕ್ಕೆ ಒದಗದು. ದಖ್ಖನದ ಲಾವಾ ಶಿಲೆಗಳೇ ಮಾರ್ಪಟ್ಟು ಶುದ್ಧವಾದ ಪದರಗಳಾಗಿ ನಿಂತಿರುವ ಕಚ್ಛದಿಂದ ಬೆಂಟೊನೈಟನ್ನು ಅಗೆದು, ಬೇಕಾದೆಡೆ ಸೋಡಾ ಬೆರೆಸಿ ಹುಟ್ಟುವಳಿಯನ್ನು ಹೆಚ್ಚಿಸುವರು.

ರೈತನು ಮಣ್ಣನ್ನು ಬೆಳೆಯಿಂದ ಅಳೆದರೆ, ಕೊರೆಯುವವನು ಅದು ಹಿಡಿದಿಡುವ ನೀರಿನಿಂದ ಅಳೆಯುತ್ತಾನೆ. ನೆಲದ ನಡುಕವನ್ನು ಅರಿಯುವ ಯತ್ನವೂ ಇಂಥದೊಂದು ಸಣ್ಣ ಲೆಕ್ಕದ ಮೇಲೆ ನಿಲ್ಲುತ್ತದೆಂಬುದನ್ನು ಮರೆಯುವಂತಿಲ್ಲ.